ಗಡಿಯಾರ ಯಾವಾಗ ನಿಲ್ಲಿಸಬೇಕು?

ನಮ್ಮ ಮೂಡಿಗೆರೆ, ಕಳಸದ ಕಡೆ ಕಾಫಿ ಕೊಯ್ಲು ಶುರುವಾದರೆ ಎಲ್ಲರ ಬಾಯಲ್ಲೂ ಒಂದೇ ಲೆಕ್ಕ: ಎಷ್ಟು ಆಳು, ಎಷ್ಟು ಹೊತ್ತು? ಸೂಪರ್ ಕಂಪ್ಯೂಟರ್ ನಡೆಸುವವರದೂ ಇದೇ ಲೆಕ್ಕ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ‘ಪರಮ್ ಪ್ರವೇಗ’ ಕೆಲಸ ಶುರು ಮಾಡಿತು. ಅದರ ಪೂರ್ತಿ ಶಕ್ತಿ ಸೆಕೆಂಡಿಗೆ 3,300 ಲಕ್ಷ ಕೋಟಿ ಲೆಕ್ಕ! ಅದರಲ್ಲಿ ಮಾಮೂಲಿ ಪ್ರೊಸೆಸರುಗಳ ಜೊತೆ ಜಿಪಿಯು ಎಂಬ ವೇಗವರ್ಧಕಗಳೂ ಇವೆ. ಒಂದೇ ಬಗೆಯ ಸಾವಿರಾರು ಲೆಕ್ಕಗಳನ್ನು ಜಿಪಿಯು ಒಟ್ಟೊಟ್ಟಿಗೆ ಮಾಡುತ್ತದೆ.

ಶಕ್ತಿ ಇದ್ದಮಾತ್ರಕ್ಕೆ ಕೆಲಸ ಅಷ್ಟೇ ಬೇಗ ಮುಗಿಯುತ್ತದೆಯೇ? ತೋಟದಲ್ಲೇ ನೋಡೋಣ.

ಒಬ್ಬರೇ ಹಣ್ಣು ಕೊಯ್ಯಲು 9 ಗಂಟೆ, ತೂಕ ಹಾಕಿ ಬರೆದುಕೊಳ್ಳಲು 1 ಗಂಟೆ. ಒಟ್ಟು 10 ಎನ್ನೋಣ. 9 ಜನ ಬಂದರೆ ಕೊಯ್ಲು 1 ಗಂಟೆಯಲ್ಲಿ ಮುಗಿಯಿತು. ಆದರೆ ತಕ್ಕಡಿ ಒಂದೇ! ಒಟ್ಟು 2 ಗಂಟೆ. ಆಳು 9 ಪಟ್ಟು, ವೇಗ 5 ಪಟ್ಟು ಮಾತ್ರ. 90 ಜನ ಬಂದರೂ 1 ಗಂಟೆ 6 ನಿಮಿಷ ಬೇಕೇ ಬೇಕು. ಹಂಚಿಕೊಳ್ಳಲಾಗದ ಕೆಲಸವೇ ತಡ ಮಾಡುವುದು. 1967ರಲ್ಲಿ ಅಮೆರಿಕದ ಜೀನ್ ಅಮ್ಡಾಲ್ ಕಂಪ್ಯೂಟರುಗಳ ಬಗ್ಗೆ ಹೇಳಿದ್ದೂ ಇದನ್ನೇ.

ಇನ್ನು ವೇಗವರ್ಧಕ. ನಮ್ಮ ಕಣದಲ್ಲಿರುವ ಕೈಯಲ್ಲಿ ತಿರುಗಿಸುವ ಪಲ್ಪರಿಗೆ ಹಣ್ಣಿನ ಸಿಪ್ಪೆ ಬಿಡಿಸಲು 60 ನಿಮಿಷ ಬೇಕು ಅನ್ನಿ. ಪಕ್ಕದ ಎಸ್ಟೇಟಿನ ಮೋಟಾರ್ ಪಲ್ಪರಿಗೆ 5 ನಿಮಿಷ ಸಾಕು. ‘12 ಪಟ್ಟು ವೇಗ’ ಎಂದು ಕುಣಿಯಬೇಡಿ! ಜೀಪಿಗೆ ತುಂಬಿ ಒಯ್ಯಲು 20 ನಿಮಿಷ, ವಾಪಸ್ ತರಲು 15. ಒಟ್ಟು 40 ನಿಮಿಷ. ನಿಜವಾದ ವೇಗ ಒಂದೂವರೆ ಪಟ್ಟು. ಜಿಪಿಯುವಿಗೂ ಸಾಮಾನ್ಯವಾಗಿ ಅದರದೇ ಮೆಮೊರಿ ಇರುತ್ತದೆ. ಅಂಕಿಗಳನ್ನು ಅಲ್ಲಿಗೆ ಸಾಗಿಸಿ ಉತ್ತರ ವಾಪಸ್ ತರುವ ಹೊತ್ತನ್ನೂ ಎಣಿಸಬೇಕು.

ಇನ್ನೊಂದು ತಮಾಷೆ ಕೇಳಿ. ಜಿಪಿಯುವಿಗೆ ಕೆಲಸ ಒಪ್ಪಿಸಿದ ಪ್ರೊಸೆಸರು, ಅದು ಮುಗಿಯುವ ತನಕ ಕಾಯದೆ ಮುಂದೆ ಹೋಗಿಬಿಡುವುದುಂಟು. ಆಗಲೇ ಗಡಿಯಾರ ನಿಲ್ಲಿಸಿದರೆ, ಜೀಪು ಗೇಟು ದಾಟಿದ ಕೂಡಲೇ ಪಲ್ಪಿಂಗ್ ಮುಗಿಯಿತು ಅಂದ ಹಾಗಾಯಿತು! ಅದಕ್ಕೇ ಯಾರಾದರೂ ‘ನನ್ನ ಪ್ರೋಗ್ರಾಂ ನೂರು ಪಟ್ಟು ವೇಗ’ ಎಂದರೆ ನಾನು ಕೇಳುವುದು ಮೂರು ಮಾತು. ಬೀಜ ವಾಪಸ್ ಕಣಕ್ಕೆ ಬಿದ್ದ ಮೇಲೇ ಗಡಿಯಾರ ನಿಲ್ಲಿಸಿದಿರಾ? ಹಲವು ಸಲ ಅಳೆದಿರಾ? ಬೀಜ ಒಡೆದಿಲ್ಲ ತಾನೇ, ಎಂದರೆ ಉತ್ತರ ಸರಿ ಇದೆಯೇ?

ಇಷ್ಟು ಕಟ್ಟುನಿಟ್ಟು ಏಕೆ ಅಂತೀರಾ? ನಿಮ್ಮ ಅಜ್ಜ, ಅಜ್ಜಿಯನ್ನು ಕೇಳಿ. ಕಣದಲ್ಲಿ ಕಾಫಿ ಹರಡಿದಾಗ ಅಕಾಲ ಮಳೆ ಸುರಿದರೆ ವರ್ಷದ ದುಡಿಮೆ ನೀರುಪಾಲು. ಮಳೆಯ ಮುನ್ಸೂಚನೆಯ ಲೆಕ್ಕ ನಡೆಯುವುದೂ ಸೂಪರ್ ಕಂಪ್ಯೂಟರುಗಳಲ್ಲೇ. ನಾಳೆಯ ಮಳೆಯ ಸುದ್ದಿ ನಾಡಿದ್ದು ಬಂದರೆ ಟಾರ್ಪಾಲು ಹೊದಿಸಿ ಏನು ಪ್ರಯೋಜನ? ಪ್ರಾಮಾಣಿಕವಾಗಿ ಅಳೆದರೆ ಮಾತ್ರ ತಡ ಎಲ್ಲಾಗುತ್ತಿದೆ ಎಂದು ತಿಳಿಯುತ್ತದೆ. ಇಲ್ಲದಿದ್ದರೆ ದಾರಿ ಸರಿ ಮಾಡಬೇಕಾದಲ್ಲಿ ಇನ್ನೊಂದು ಪಲ್ಪರ್ ಕೊಂಡು ದುಡ್ಡು ದಂಡ.

ಈ ವಾರದ ಲೆಕ್ಕ: ಆ 40 ನಿಮಿಷವನ್ನು ತಗ್ಗಿಸಲು ಇಮ್ಮಡಿ ವೇಗದ ಮೋಟಾರ್ ಪಲ್ಪರ್ ತರುವುದು ಮೇಲೋ, ಜೀಪಿನ ಹೊತ್ತನ್ನು ಅರ್ಧ ಮಾಡುವುದು ಮೇಲೋ? ಅಜ್ಜಿಯ ಜೊತೆ ಕೂತು ಮಾಡಿ ನೋಡಿ.