ಸೀಬೆ ಮರಕ್ಕೆ ಬಲೆ ಹಾಕೋ ಮುಂಚೆ

ಅಮೃತಹಳ್ಳಿ, ಜಕ್ಕೂರು, ರಾಚೇನಹಳ್ಳಿ ಕಡೆ ಇನ್ನೂ ನಾಲ್ಕು ಮರ ಉಳಿಸ್ಕೊಂಡಿರೋ ನಮ್ಮವರಿಗೆ ಈ ಮಾತು. ಈಚೆಗೆ ಸೀಬೆ ಮರಕ್ಕೆಲ್ಲ ನೈಲಾನ್ ಬಲೆ ಬೀಳ್ತಾ ಇದೆ. ಕೇಳಿದ್ರೆ ಹಕ್ಕಿ ಕಾಟ ಅಂತಾರೆ. ನನ್ನ ಪ್ರಕಾರ ಇದು ತಪ್ಪು ಲೆಕ್ಕ.

ಬಲೆ ತರೋ ಮುಂಚೆ ಒಂದು ವಾರ ಬೆಳಿಗ್ಗೆ 6 ಗಂಟೆಗೆ ಮರದ ಹತ್ರ ಸುಮ್ನೆ ಕೂತ್ಕೊಳ್ಳಿ. ಹಕ್ಕಿ ಕಣ್ಣಿಗಿಂತ ಮೊದ್ಲು ಕಿವಿಗೆ ಸಿಗುತ್ತೆ. "ಕುಟ್ರೂ ಕುಟ್ರೂ" ಅಂತ ಬಿಡದೆ ಕೂಗೋದು ಕುಟ್ರು ಹಕ್ಕಿ. ಮೈಯೆಲ್ಲ ಎಲೆ ಬಣ್ಣ, ಅಲ್ಲಾಡೋವರೆಗೂ ಕಾಣಲ್ಲ. ಕಂಚುಗಾರ ಸುತ್ತಿಗೇಲಿ ಬಡಿದಂಗೆ "ಟುಕ್ ಟುಕ್" ಅನ್ನೋದು ಅದರ ಚಿಕ್ಕ ತಮ್ಮ, ಎದೆ ಮೇಲೆ ಕೆಂಪು ಪಟ್ಟೆ. ಕೋಗಿಲೇಲಿ ಹಾಡೋ ಗಂಡು ಕಪ್ಪು, ಹೆಣ್ಣಿಗೆ ಕಂದು ಮೈ, ಬಿಳಿ ಚುಕ್ಕೆ. ನಮ್ಮಲ್ಲಿ ಬಹಳ ಜನ ಅದನ್ನ ಬೇರೆ ಹಕ್ಕಿ ಅಂತಾನೇ ತಿಳ್ಕೊಂಡಿದ್ದಾರೆ. ಪಿಕಳಾರ ಮಾಗಿದ್ದನ್ನೇ ಕುಕ್ಕುತ್ತೆ. ಪೋಲು ಮಾಡೋದು ಗಿಳಿ, ಕಾಯಿ ಕಚ್ಚಿ ಬಿಸಾಕುತ್ತೆ, ಒಪ್ಕೋತೀನಿ. ರಾತ್ರಿ ಬಾವಲಿ ತಿಂದಿದ್ದೂ ಹಕ್ಕಿ ಲೆಕ್ಕಕ್ಕೇ ಬೀಳುತ್ತೆ, ಅದು ಬೇರೆ ಮಾತು.

ಈಗ ಕೆಳಗೆ ಬಿದ್ದ ಹಣ್ಣು ಕೊಯ್ದು ನೋಡಿ. ಕೊಕ್ಕಿನ ಗುರುತೇ ಇಲ್ಲದ ಹಣ್ಣಲ್ಲೂ ಬಿಳಿ ಹುಳ. ಹಣ್ಣುನೊಣದ ಕೆಲಸ ಅದು. ನನ್ನ ಮರದಲ್ಲಿ ಹಕ್ಕಿಗಿಂತ ಇದರಿಂದ ಹೋಗೋದೇ ಜಾಸ್ತಿ. ಹಕ್ಕಿ ಬಲೆ ಕಣ್ಣೊಳಗೆ ನೊಣ ಆರಾಮಾಗಿ ನುಗ್ಗುತ್ತೆ! ಕಾಯಿ ನಿಂಬೆಹಣ್ಣಿನ ಗಾತ್ರ ಆದಾಗ ಪೇಪರ್ ಕವರ್ ಕಟ್ಟಿ, ನೊಣ ಕೊಕ್ಕು ಎರಡಕ್ಕೂ ಆಯ್ತು. ಕೈಗೆ ಸಿಗೋ ಕೊಂಬೆಗೆ ಕಟ್ಟಿದ್ರೆ ಸಾಕು, ತುದೀದು ಹಕ್ಕಿಗಿರ್ಲಿ. ಬಿದ್ದ ಹಣ್ಣು ಅಲ್ಲೇ ಕೊಳೆಯೋಕೆ ಬಿಡದೆ ಆಳವಾಗಿ ಹೂತುಬಿಡಿ. ಮೀಥೈಲ್ ಯುಜಿನಾಲ್ ಟ್ರ್ಯಾಪ್ ನೇತು ಹಾಕಿದ್ರೆ ಗಂಡು ನೊಣ ಅದರಲ್ಲಿ ಬೀಳ್ತಾವೆ.

ಬಲೇಲಿ ಕಾಲು ಸಿಕ್ಕಿದ ಪಿಕಳಾರ ಮಧ್ಯಾಹ್ನದ ಬಿಸಿಲಿಗೆ ಒದ್ದಾಡಿ ಸಾಯುತ್ತೆ. ಕೇರೆಹಾವೂ ಸಿಕ್ಕಿಕೊಳ್ಳುತ್ತೆ, ಆಮೇಲೆ ಇಲಿ ಹಿಡಿಯೋರು ಯಾರು? ಅದೇ ಪಿಕಳಾರ ಮರಿಗಳಿಗೆ ನಮ್ಮ ಅವರೆ, ಬದನೆ ಸಾಲಿಂದ ಹುಳ ಹೊತ್ಕೊಂಡು ಹೋಗೋದನ್ನ ನೋಡಿದ್ದೀನಿ.

ಜಿ.ಕೆ.ವಿ.ಕೆ. ಒಳಗೆ ಮರ ಇದಾವೆ, ಜಕ್ಕೂರು ಕೆರೆ ಸುತ್ತ ಇದಾವೆ. ಮಧ್ಯೆ ಎಲ್ಲಾ ಲೇಔಟ್. ಅಲ್ಲಿಂದಿಲ್ಲಿಗೆ ಹಾರೋ ಹಕ್ಕಿಗೆ ಕೂರೋಕೆ ನಮ್ಮ ಸೀಬೆ, ನೇರಳೆ ಅಷ್ಟೇ. ಬದುಮೇಲೆ ಗಸಗಸೆ ಹಣ್ಣಿನ ಮರ ಇದ್ರೆ ಕಡೀಬೇಡಿ. ವರ್ಷದಲ್ಲಿ ಬಹುಪಾಲು ಹಣ್ಣು ಬಿಡುತ್ತೆ, ಹಕ್ಕಿ ಮೊದ್ಲು ಅಲ್ಲಿಗೇ ಹೋಗ್ತಾವೆ. ಒಣಗಿದ ಕೊಂಬೇನ ಸೌದೆಗೆ ಇಳಿಸೋ ಮುಂಚೆ ದುಂಡನೆ ತೂತು ಇದೆಯಾ ನೋಡ್ಕೊಳ್ಳಿ. ಕುಟ್ರು ಗೂಡು ಕೊರೆಯೋದು ಅಂಥದ್ರಲ್ಲೇ.