ಗಾಯ ನೆನಪಿದೆ, ಗೇಯ್ಮೆ ಮರೆತಿದೆ

ಬಾರ್ಬರಾ ಬ್ಲೇಕ್ ಹ್ಯಾನಾ ಎಂದರೆ 'ಬ್ರಿಟಿಷ್ ಟಿವಿಯ ಮೊದಲ ಕಪ್ಪು ವರದಿಗಾರ್ತಿ' ಎಂದಷ್ಟೇ ಬರೆದು ಮುಗಿಸುವುದನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಜಮೈಕಾದ ಈಕೆ 1968ರಲ್ಲಿ ಥೇಮ್ಸ್ ಟೆಲಿವಿಷನ್ನಿನ ತೆರೆಗೆ ಬಂದರು. ಕಪ್ಪು ಮುಖ ಬೇಡವೆಂದು ವೀಕ್ಷಕರು ದೂರಿದರು. ಒಂಬತ್ತೇ ತಿಂಗಳಿಗೆ ಕೆಲಸ ಹೋಯಿತು. 2020ರಲ್ಲಿ ಅದೇ ಬ್ರಿಟನ್ನಿನಲ್ಲಿ ಅವರ ಹೆಸರಿನ ಪತ್ರಿಕೋದ್ಯಮ ಪ್ರಶಸ್ತಿ ಹುಟ್ಟಿತು. ಸಂತೋಷವೇ. ಆದರೆ ಅವರು ಬರೀ ಕೆಲಸ ಕಳೆದುಕೊಂಡವರೇ? ಊರಿಗೆ ಮರಳಿದರು, ಕ್ಯಾಮೆರಾದ ಹಿಂದೆ ನಿಂತರು, ತಾವೇ ನಂಬಿದ ರಾಸ್ತಫಾರಿ ಪಂಥದ ಕುರಿತು ಸಾಕ್ಷ್ಯಚಿತ್ರ ಮಾಡಿದರು. ತೆರೆಯ ಮೇಲಿನ ಮುಖವನ್ನು ನಾಲ್ಕು ದೂರುಗಳು ತೆಗೆಸಬಲ್ಲವು. ಏನು ತೋರಿಸಬೇಕೆಂದು ತೀರ್ಮಾನಿಸುವ ಕೈಯನ್ನು ಹಾಗೆ ತೆಗೆಸಲಾಗದು. 'ಮೊದಲಿಗರು' ಎಂದು ಹಾರ ಹಾಕುವವರೇ, ಅವರ ಚಿತ್ರಗಳನ್ನೂ ತೋರಿಸಿ. ಹಾರದಲ್ಲಿ ನಿಮ್ಮ ಪಶ್ಚಾತ್ತಾಪವಿದೆ. ಚಿತ್ರಗಳಲ್ಲಿ ಅವರ ಮಾತಿದೆ.