ಹುಣಸೆಹಣ್ಣು ಮತ್ತು ಟಿಪ್ಪುವಿನ ಆನೆ

ನಾಣ್ಯ ಮೇಳಕ್ಕೆ ಹೊರಟಿದ್ದೀರಾ? ಅಜ್ಜಿ ಡಬ್ಬಿಯ ಕಾಸನ್ನು ದಯವಿಟ್ಟು ತೊಳೆಯಬೇಡಿ. ನಾನು ತೊಳೆದೆ! ಮೈಸೂರಿನಿಂದ ಬೆಂಗಳೂರಿನ ಮೇಳಕ್ಕೆ ರೈಲು ಹತ್ತುವ ಹಿಂದಿನ ರಾತ್ರಿ, ಟಿಪ್ಪು ಕಾಲದ ತಾಮ್ರದ ಕಾಸನ್ನು ಹುಣಸೆಹಣ್ಣು ಹಾಕಿ ದೇವರ ಪಾತ್ರೆಯಂತೆ ಉಜ್ಜಿದೆ. ಫಳಫಳ!

ಮೇಳದಲ್ಲಿ ಹಿರಿಯರೊಬ್ಬರು ಭೂತಗನ್ನಡಿ ಹಿಡಿದು ನೋಡಿ, "ಅಯ್ಯೋ, ಏನಪ್ಪಾ ಮಾಡ್ಬಿಟ್ಟೆ" ಅಂದ್ರು. ಇನ್ನೂರಕ್ಕೂ ಹೆಚ್ಚು ವರ್ಷ ಕೂತ ಕಂದು ಪದರವೇ ತಾಮ್ರಕ್ಕೆ ಕವಚ, ಹುಳಿ ಅದನ್ನೇ ತಿನ್ನುತ್ತೆ. ಆನೆಯೇನೋ ಇದೆ. ಮೊದಲೇ ಸವೆದಿದ್ದ ಇಸವಿ ಈಗ ಕಾಣುತ್ತಲೇ ಇಲ್ಲ. (1787ರಿಂದ ಟಿಪ್ಪು ನಾಣ್ಯಗಳ ಇಸವಿಯನ್ನು ಬಲದಿಂದ ಎಡಕ್ಕೆ ಓದಬೇಕು, ಗೊತ್ತಾ?) ಯಾವ ವರ್ಷದ್ದೆಂದು ಇನ್ನು ಯಾರನ್ನು ಕೇಳಲಿ?

ಆದರೂ ಅಲ್ಲಿ ಗುಂಪು ಸೇರಿದ್ದು ಹೊಳೆಯುವ ನಾಣ್ಯಗಳ ಮುಂದೆಯೇ. ನಮಗೆ ಹಳೆಯದು ಬೇಕು, ಆದರೆ ಹೊಸದರಂತೆ ಕಾಣಬೇಕು!

ಅಜ್ಜಿಗೆ ಇನ್ನೂ ಹೇಳಿಲ್ಲ.